ಮಹಾಮಾರಿಯ ದಿನಗಳಲ್ಲಿ ಮಾರ್ಟಿನ್ ಲೂಥರನು



ಕಬಿನಿ ಹೊಳೆಗೆ ಕಟ್ಟೆ ಕಟ್ಟಿರುವ ಬೀಚನಹಳ್ಳಿಯ ಸುತ್ತುಮುತ್ತಲಿನ ಊರುಗಳಲ್ಲಿಯೂ, ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಸೀಮೆಗಳಲ್ಲಿಯೂ ವಾಸಿಸುವ ವಿಶ್ವಾಸಿಗಳು ೨೦೨೦ನೆಯ ಇಸವಿಯನ್ನು ಮರೆಯಲಾರರು. ಆ ವರುಷ ಮಾರ್ಚಿ ೨೫ರಿಂದ ದೇಶವೆಲ್ಲಾ ಬಾಗಿಲು ಮುಚ್ಚಿಕೊಂಡಿತು. ಏಪ್ರಿಲ್ ೧೨ರಂದು ಬಂದ ಪುನರುತ್ಥಾನದ ಹಬ್ಬದ ದಿವಸ ದೇವಾಲಯಗಳಿಗೆ ಬೀಗ ಬಿದ್ದಿತ್ತು. ಜೂನ್ ೮ರ ವರೆಗೆ ನಮ್ಮ ರಾಜ್ಯದಲ್ಲಿ ಅವುಗಳನ್ನು ತೆರೆಯುವದಕ್ಕೆ ಅಪ್ಪಣೆಯಾಗಲಿಲ್ಲ. ಆ ಕೊರೋನಾ ಜಾಡ್ಯದ ಉಗ್ರತೆಯು ಈಗ ತಗ್ಗಿದೆ. ಆದರೆ ಆಗ ಸಭೆಗಳೊಳಗೆ ಹುಟ್ಟಿದ ವ್ಯಾಜ್ಯವು ಎಲ್ಲರ ಮನಸ್ಸಿನಿಂದ ಹೋಗಿಲ್ಲ. ದೇವಾಲಯಕ್ಕೆ ಬಾರದೆ ಮನೆಯಲ್ಲಿ ಉಳಿದವನು ನಂಬಿಕೆಯಿಲ್ಲದವನೆಂದು ಕೆಲವರು ತೀರ್ಪುಮಾಡಿದರು. ರೋಗಿಯ ಬಾಗಿಲಿಗೆ ಹೋದವನು ದೇವರನ್ನು ಪರೀಕ್ಷಿಸುವವನೆಂದು ಬೇರೆ ಕೆಲವರು ಹಳಿದರು. ಹೆಣಕ್ಕೆ ಹೆಗಲು ಕೊಡಲು ಹಿಂಜರಿದ ನೆಂಟರ ಮೇಲೆ ಮುನಿಸು ಇಟ್ಟುಕೊಂಡಿರುವ ಮನೆಗಳು ಇಂದಿಗೂ ಉಂಟು.

ಈ ವ್ಯಾಜ್ಯವು ಹೊಸದಲ್ಲ. ೧೮೯೮ರಲ್ಲಿ ಪ್ಲೇಗು ಜಾಡ್ಯವು ಬೆಂಗಳೂರಿಗೂ ಮೈಸೂರಿಗೂ ಬಂದು ಹಬ್ಬಿದ ಮೇಲೆ, ಊರಿನಲ್ಲಿ ಇಲಿ ಬಿತ್ತೆಂದರೆ ಜನರು ಮನೆಗಳನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರೆಂದು ನಮ್ಮ ಹಿರಿಯರು ಹೇಳುತ್ತಿದ್ದುದನ್ನು ನಾವು ಕೇಳಿದ್ದೇವೆ. ಅದೇ ಪ್ಲೇಗು ಸುಮಾರು ಐನೂರು ವರುಷಗಳ ಕೆಳಗೆ ಜರ್ಮನಿ ದೇಶದ ಒಂದು ಚಿಕ್ಕ ಪಟ್ಟಣಕ್ಕೆ ಬಂದಾಗ, ಅಲ್ಲಿ ಸುವಾರ್ತೆಯನ್ನು ಸಾರುತ್ತಿದ್ದ ಮಾರ್ಟಿನ್ ಲೂಥರನು ಏನು ಮಾಡಿದನು, ಸಭೆಗೆ ಏನು ಕಲಿಸಿದನು ಎಂಬದನ್ನು ಈ ತಿಂಗಳು ನಮ್ಮ ಓದುಗರಿಗೆ ತಿಳಿಸಬೇಕೆಂದಿದ್ದೇವೆ.

ಲೂಥರನು ೧೪೮೩ನೆಯ ಇಸವಿ ನವಂಬರ್ ೧೦ರಲ್ಲಿ ಐಸ್ಲೇಬೆನ್ ಎಂಬ ಊರಿನಲ್ಲಿ ಹುಟ್ಟಿದನು. ಅವನ ತಂದೆಯು ಬೇಸಾಯಗಾರರ ಮನೆತನದಲ್ಲಿ ಹುಟ್ಟಿ, ತಾಮ್ರದ ಗಣಿಯ ಕೆಲಸದಿಂದ ಜೀವಿಸಿದವನು. ಮಗನು ನ್ಯಾಯಶಾಸ್ತ್ರವನ್ನು ಕಲಿತು ದೊಡ್ಡವನಾಗಲೆಂದು ತಂದೆಯು ಆಶಿಸಿದನು. ಆದರೆ ೧೫೦೫ರಲ್ಲಿ ದಾರಿಯಲ್ಲಿ ಸಿಡಿಲು ಬಡಿದಾಗ ಪ್ರಾಣಭಯದಿಂದ ಹರಕೆ ಮಾಡಿಕೊಂಡ ಲೂಥರನು ಮಠವನ್ನು ಸೇರಿ ಸಂನ್ಯಾಸಿಯಾದನು. ಉಪವಾಸ ಜಾಗರಣೆಗಳಿಂದ ಸಿಕ್ಕದ ಸಮಾಧಾನವು ಅವನಿಗೆ ಸತ್ಯವೇದದಲ್ಲಿ ಸಿಕ್ಕಿತು. ಮನುಷ್ಯನು ತನ್ನ ಪುಣ್ಯದಿಂದಲ್ಲ, ಕ್ರಿಸ್ತನ ಮೇಲಿನ ನಂಬಿಕೆಯಿಂದಲೇ ನೀತಿವಂತನಾಗುತ್ತಾನೆಂದು ಕಂಡುಕೊಂಡನು. ಪಾಪಕ್ಷಮೆಯ ಚೀಟಿಗಳ ಮಾರಾಟವನ್ನು ವಿರೋಧಿಸಿ ೧೫೧೭ರ ಅಕ್ಟೋಬರ್ ೩೧ರಲ್ಲಿ ತೊಂಬತ್ತೈದು ವಾಕ್ಯಗಳನ್ನು ಪ್ರಕಟಿಸಿದ್ದೂ, ೧೫೨೧ರಲ್ಲಿ ಚಕ್ರವರ್ತಿಯ ಮುಂದೆ ತನ್ನ ಬರಹಗಳನ್ನು ಹಿಂದಕ್ಕೆ ತೆಗೆದುಕೊಳ್ಳದೆ ನಿಂತದ್ದೂ, ಆ ಮೇಲೆ ಹೊಸ ಒಡಂಬಡಿಕೆಯನ್ನು ಜನರ ಭಾಷೆಗೆ ತಿರುಗಿಸಿ ೧೫೨೨ರಲ್ಲಿ ಅಚ್ಚುಹಾಕಿಸಿದ್ದೂ ನಮ್ಮ ಸಭೆಗಳವರಿಗೆ ತಿಳಿದ ಸಂಗತಿಗಳೇ. ೧೫೨೫ರಲ್ಲಿ ಅವನು ಹಿಂದೆ ಸಂನ್ಯಾಸಿನಿಯಾಗಿದ್ದ ಕಾತರೀನಳನ್ನು ಮದುವೆಯಾದನು. ಮುಂದಿನ ವರುಷ ಅವರಿಗೆ ಹಾನ್ಸ್ ಎಂಬ ಗಂಡುಮಗನು ಹುಟ್ಟಿದನು.

ಚಕ್ರವರ್ತಿಯ ಮುಂದೆ ನಿಂತ ಧೈರ್ಯವನ್ನು ಲೋಕವೆಲ್ಲಾ ಹೊಗಳುತ್ತದೆ. ರೋಗಿಯ ಹಾಸಿಗೆಯ ಬಳಿಯಲ್ಲಿ ನಿಂತ ಧೈರ್ಯವನ್ನು ಬಲ್ಲವರು ಕಡಮೆ. ಅದನ್ನೇ ಈಗ ಹೇಳುವೆವು.

ಲೂಥರನು ವಾಸಿಸುತ್ತಿದ್ದ ವಿಟ್ಟೆನ್‌ಬೆರ್ಗ್ ಪಟ್ಟಣವು ಎಲ್ಬೆ ನದಿಯ ದಡದಲ್ಲಿದೆ. ಆಗ ಅಲ್ಲಿ ಎರಡು ಸಾವಿರ ಚಿಲ್ಲರೆ ಜನರಿದ್ದರು. ನಮ್ಮ ಸೀಮೆಯ ಒಂದು ದೊಡ್ಡ ಹಳ್ಳಿಯಷ್ಟೇ ಎನ್ನಬಹುದು. ೧೫೨೭ರ ಆಗಸ್ಟ್ ತಿಂಗಳ ಆರಂಭದಲ್ಲಿ ಪ್ಲೇಗು ಅಲ್ಲಿ ಕಾಣಿಸಿಕೊಂಡಿತು. ಇದು ಇಲಿಗಳ ಮೈಮೇಲಿನ ಚಿಗಟಗಳಿಂದ ಹರಡುವ ಜಾಡ್ಯವೆಂಬದು ಆಗ ಯಾರಿಗೂ ತಿಳಿದಿರಲಿಲ್ಲ. ರೋಗದ ಕ್ರಿಮಿಯನ್ನು ವಿದ್ವಾಂಸರು ಕಂಡುಹಿಡಿದದ್ದು ೧೮೯೪ರಲ್ಲಿ. ಕೆಟ್ಟ ಗಾಳಿಯಿಂದ ರೋಗವು ಬರುವದೆಂದು ಅಂದಿನವರು ಎಣಿಸುತ್ತಿದ್ದರು. ಸೀಮೆಯ ಪ್ರಭುವಾದ ಯೋಹಾನನು ಲೂಥರನಿಗೆ ಕಾಗದ ಬರೆದು, ಹೆಂಡತಿ ಮಗುವಿನ ಸಹಿತ ಯೇನಾ ಪಟ್ಟಣಕ್ಕೆ ಹೊರಟುಹೋಗಬೇಕೆಂದು ಹೇಳಿದನು. ವಿದ್ಯಾಪೀಠದವರು ಹಾಗೆಯೇ ಊರು ಬಿಟ್ಟರು. ಲೂಥರನು ಹೋಗಲಿಲ್ಲ. ಸಭಾಪಾಲಕನಾದ ಬೂಗೆನ್‌ಹಾಗೆನನೂ, ಇಬ್ಬರು ಸಹಾಯಕ ಬೋಧಕರೂ ಅವನ ಸಂಗಡ ಉಳಿದರು.

ಲೂಥರನು ಆಗ ಬಲಶಾಲಿಯಾಗಿದ್ದನೆಂದು ಎಣಿಸಬೇಡಿರಿ. ಅದೇ ಜುಲೈ ೬ರಲ್ಲಿ ಅವನು ಮೂರ್ಛೆಹೋಗಿ, ಸಾಯುವೆನೆಂದು ತಿಳಿದು ಹೆಂಡತಿ ಮಗುವನ್ನು ದೇವರಿಗೆ ಒಪ್ಪಿಸಿದ್ದನು. ದೇಹವು ಸುಧಾರಿಸಿದರೂ ಮನಸ್ಸಿನ ಕತ್ತಲೆಯು ಬಹು ತಿಂಗಳು ಬಿಡಲಿಲ್ಲ. ದೇವರು ತನ್ನನ್ನು ಕೈಬಿಟ್ಟನೋ ಎಂಬ ಸಂಕಟದಲ್ಲಿ ಅವನು ಸ್ನೇಹಿತರಿಗೆ ಬರೆದು ತನಗೋಸ್ಕರ ಪ್ರಾರ್ಥಿಸಿರೆಂದು ಬೇಡಿಕೊಂಡನು. ಕಾತರೀನಳು ಆಗ ಗರ್ಭಿಣಿ. ಇಂಥಾ ಸ್ಥಿತಿಯಲ್ಲಿದ್ದ ಮನುಷ್ಯನೇ ಊರಿನಲ್ಲಿ ಉಳಿದನು.

ಪಟ್ಟಣದ ಅಧ್ಯಕ್ಷನ ಹೆಂಡತಿಯು ಹೆಚ್ಚುಕಡಮೆ ಲೂಥರನ ತೋಳುಗಳಲ್ಲಿಯೇ ಪ್ರಾಣಬಿಟ್ಟಳು. ಅವನು ವಾಸಿಸುತ್ತಿದ್ದ ಹಳೆಯ ಮಠವು ಆಸ್ಪತ್ರೆಯಂತಾಯಿತು. ವೈದ್ಯಪಂಡಿತನೊಬ್ಬನ ಹೆಂಡತಿಯೂ ಇನ್ನೊಬ್ಬ ಸ್ತ್ರೀಯೂ ಅಲ್ಲಿ ರೋಗದಲ್ಲಿ ಬಿದ್ದರು. ನವಂಬರ್ ೨ರಲ್ಲಿ ಸಹಾಯಕ ಬೋಧಕ ರೋರರನ ಹೆಂಡತಿಯು ಸತ್ತ ಮಗುವನ್ನು ಹೆತ್ತು, ತಾನೂ ಪ್ಲೇಗಿನಿಂದ ತೀರಿಹೋದಳು. ಆಕೆ ಬೂಗೆನ್‌ಹಾಗೆನನ ತಂಗಿ. ಆ ಮೇಲೆ ಬೂಗೆನ್‌ಹಾಗೆನನ ಸಂಸಾರವೂ ಲೂಥರನ ಮನೆಗೆ ಬಂದು ಸೇರಿತು. ಪುಟ್ಟ ಹಾನ್ಸನು ಕಾಯಿಲೆಯಿಂದ ಕೆಲವು ದಿವಸ ಊಟವನ್ನೇ ಮುಟ್ಟಲಿಲ್ಲ. ಮನೆಯಲ್ಲಿ ಸಾಕಿದ್ದ ಐದು ಹಂದಿಗಳು ಸತ್ತವು. ಡಿಸೆಂಬರ್ ೧೦ರಲ್ಲಿ ಕಾತರೀನಳು ಎಲಿಸಬೇತ್ ಎಂಬ ಹೆಣ್ಣುಮಗುವನ್ನು ಹೆತ್ತಳು.

ಈ ದಿನಗಳಲ್ಲಿ ಬ್ರೆಸ್ಲಾವ್ ಪಟ್ಟಣದ ಸಭಾಪಾಲಕನಾದ ಯೋಹಾನ್ ಹೆಸ್ಸನಿಗೆ ಲೂಥರನು ಒಂದು ಉತ್ತರವನ್ನು ಬರೆದು ಮುಗಿಸಬೇಕಾಗಿತ್ತು. ಮರಣವು ಬಂದಾಗ ಕ್ರೈಸ್ತನು ಓಡಿಹೋಗಬಹುದೋ ಎಂದು ಅಲ್ಲಿನ ಬೋಧಕರು ಹಿಂದೆಯೇ ಕೇಳಿದ್ದರು. ಉತ್ತರವು ೧೫೨೭ರ ಕೊನೆಯಲ್ಲಿ ಚಿಕ್ಕ ಪುಸ್ತಕವಾಗಿ ಹೊರಟಿತು. ಅದರ ಅಭಿಪ್ರಾಯವನ್ನು ನಮ್ಮ ಮಾತಿನಲ್ಲಿ ಹೇಳುವೆವು.

ಮೊದಲನೆಯದಾಗಿ, ಪ್ರಾಣವನ್ನು ಉಳಿಸಿಕೊಳ್ಳಬೇಕೆಂಬ ಆಶೆಯು ಪಾಪವಲ್ಲ. ಅದನ್ನು ಹೃದಯದಲ್ಲಿಟ್ಟವನು ದೇವರೇ. ಆದಕಾರಣ ತನ್ನನ್ನು ನೆಚ್ಚಿಕೊಂಡವರು ಇಲ್ಲದವನು, ಅಥವಾ ತನಗೆ ಬದಲಾಗಿ ಬೇರೆಯವರನ್ನು ಏರ್ಪಡಿಸಿದವನು, ಊರು ಬಿಟ್ಟರೆ ತಪ್ಪಿಲ್ಲ. ಅವನನ್ನು ಯಾರೂ ಹೀನೈಸಬಾರದು. ಆದರೆ ಬೋಧಕನೂ, ಊರಿನ ಅಧಿಕಾರಿಯೂ, ವೈದ್ಯನೂ ತಮ್ಮ ಸ್ಥಾನವನ್ನು ಬಿಟ್ಟು ಓಡಬಾರದು. ತಂದೆತಾಯಿಗಳು ಮಕ್ಕಳನ್ನೂ, ಮಕ್ಕಳು ತಂದೆತಾಯಿಗಳನ್ನೂ, ಯಜಮಾನನು ಆಳನ್ನೂ, ಆಳು ಯಜಮಾನನನ್ನೂ ರೋಗದಲ್ಲಿ ಕೈಬಿಡಬಾರದು. ನೋಡಿಕೊಳ್ಳುವವರಿಲ್ಲದ ನೆರೆಯವನನ್ನು ಬಿಟ್ಟುಹೋಗುವವನು ಮತ್ತಾಯನ ೨೫ನೆಯ ಅಧ್ಯಾಯದಲ್ಲಿ ಹೇಳಿರುವಂತೆ ಕ್ರಿಸ್ತನನ್ನೇ ಬಿಟ್ಟುಹೋದಂತೆ.

ಎರಡನೆಯದಾಗಿ, ಔಷಧಿಯನ್ನು ತಳ್ಳಿ, ಎಚ್ಚರಿಕೆಯನ್ನು ಹಾಸ್ಯಮಾಡಿ, ಬೇಕಿಲ್ಲದ ಕಡೆ ಹೋಗಿ ರೋಗವನ್ನು ತಂದುಕೊಳ್ಳುವದು ನಂಬಿಕೆಯಲ್ಲ, ದೇವರನ್ನು ಪರೀಕ್ಷಿಸುವದೇ. ಮನೆಗೆ ಬೆಂಕಿ ಬಿದ್ದಾಗ ನೀರು ಹಾಕದೆ ದೇವರ ಚಿತ್ತವೆಂದು ಕುಳಿತುಕೊಳ್ಳುವವನು ಯಾರು? ಔಷಧಿಯೂ ದೇವರ ಸೃಷ್ಟಿಯೇ. ತಾನು ಮನೆಗೆ ಹೊಗೆ ಹಾಕುವೆನು, ಔಷಧಿ ತೆಗೆದುಕೊಳ್ಳುವೆನು, ತನ್ನ ಅಗತ್ಯವಿಲ್ಲದ ಸ್ಥಳಗಳಿಗೂ ಜನರ ಬಳಿಗೂ ಹೋಗೆನು, ತನ್ನ ಅಜಾಗ್ರತೆಯಿಂದ ಮತ್ತೊಬ್ಬನು ಸಾಯಬಾರದು. ಆದರೆ ನೆರೆಯವನಿಗೆ ತನ್ನ ಅಗತ್ಯವಿದ್ದರೆ ಹಿಂಜರಿಯದೆ ಹೋಗುವೆನು ಎಂಬದೇ ಅವನ ನಿರ್ಣಯ. ರೋಗವನ್ನು ಮುಚ್ಚಿಟ್ಟು ಇತರರಿಗೆ ಅಂಟಿಸುವವರನ್ನು ಅವನು ಕೊಲೆಗಾರರೆಂದು ಎಣಿಸಿ ಮರಣದಂಡನೆಯನ್ನೇ ಹೇಳಿದನು. ಲೂಥರನ ನಾಲಿಗೆಯು ಅನೇಕ ಸಾರಿ ಮಿತಿಮೀರಿ ಕಠಿಣವಾಗುತ್ತಿತ್ತು. ಅವನ ಎಲ್ಲಾ ಮಾತುಗಳನ್ನೂ ನಾವು ಸ್ವೀಕರಿಸಬೇಕಾಗಿಲ್ಲ.

ಮೂರನೆಯದಾಗಿ, ಸಭೆಯ ನಡವಳಿಕೆಯ ವಿಷಯ. ಬದುಕುವದನ್ನೂ ಸಾಯುವದನ್ನೂ ಕಲಿಯುವದಕ್ಕಾಗಿ ಜನರು ದೇವರ ವಾಕ್ಯವನ್ನು ಕೇಳುತ್ತಾ ಇರಬೇಕು. ವಾರಕ್ಕೊಂದು ಸಾರಿ ಇಲ್ಲವೆ ಎರಡು ವಾರಕ್ಕೊಂದು ಸಾರಿ ಪಾಪವನ್ನು ಅರಿಕೆಮಾಡಿ ಕರ್ತನ ಭೋಜನವನ್ನು ತೆಗೆದುಕೊಳ್ಳಬೇಕು. ನೆರೆಯವನ ಸಂಗಡ ಸಮಾಧಾನವಾಗಬೇಕು. ಆಸ್ತಿಯ ವಿಷಯವಾಗಿ ಮರಣಶಾಸನವನ್ನು ಬರೆದಿಡಬೇಕು. ರೋಗ ತಗಲಿದವನು ಬುದ್ಧಿ ಸ್ವಾಧೀನದಲ್ಲಿರುವಾಗಲೇ ಬೋಧಕನಿಗೆ ಹೇಳಿಕಳುಹಿಸಬೇಕು. ಬಹುಮಂದಿ ಸಾಯುವಾಗ ಒಬ್ಬಿಬ್ಬರು ಬೋಧಕರು ಕಡೇ ಗಳಿಗೆಯಲ್ಲಿ ಎಲ್ಲಾ ಮನೆಗಳಿಗೂ ಓಡಲಾರರಷ್ಟೆ.

ನಾಲ್ಕನೆಯದಾಗಿ, ಸಮಾಧಿಯ ಸ್ಥಳ. ದೇವಾಲಯದ ಅಂಗಳದಲ್ಲಿಯೇ ಹೂಳುವದು ಆ ಕಾಲದವರಿಗೆ ಬಹು ಪ್ರಿಯವಾದ ಪದ್ಧತಿ. ಅದರಿಂದ ರೋಗ ಹರಡುವದೋ ಎಂಬದನ್ನು ವೈದ್ಯರು ನಿರ್ಣಯಿಸಲೆಂದು ಹೇಳಿ, ಊರ ಹೊರಗೆ ಹೂಳುವದೇ ಒಳ್ಳೆಯದೆಂದು ಅವನು ಆಲೋಚನೆ ಕೊಟ್ಟನು. ನಾಯಿನೆಂಬ ಊರಿನ ವಿಧವೆಯ ಮಗನನ್ನು ಊರಬಾಗಲಿನ ಹೊರಗೆ ಒಯ್ಯುತ್ತಿದ್ದರೆಂದು ಲೂಕನ ೭ನೆಯ ಅಧ್ಯಾಯದಲ್ಲಿದೆ. ನಮ್ಮ ಕರ್ತನ ಸಮಾಧಿಯೂ ಪಟ್ಟಣದ ಹೊರಗೇ ಇತ್ತು. ಹಳೆಯ ಪದ್ಧತಿಯನ್ನು ಬಿಡುವದರಿಂದ ಸತ್ತವರಿಗೆ ಅವಮಾನವಿಲ್ಲ. ಸಮಾಧಿಯ ಸ್ಥಳವು ಮೌನವಾಗಿ, ಮರ್ಯಾದೆಯಿಂದ ಇರಬೇಕೆಂಬದೇ ಅವನಿಗೆ ಮುಖ್ಯ.

ಐದನೆಯದಾಗಿ, ಒಳ್ಳೆಯ ಪ್ರಭುತ್ವವಿರುವ ಕಡೆ ರೋಗಿಗಳಿಗೆ ಆಸ್ಪತ್ರೆಗಳೂ ಆರೈಕೆಗಾರರೂ ಇರಬೇಕು. ಅವು ಇಲ್ಲದ ಕಡೆ ಒಬ್ಬರಿಗೊಬ್ಬರು ಆರೈಕೆಗಾರರಾಗಬೇಕು. ಇದನ್ನು ಓದುವಾಗ ೧೯೦೬ರಲ್ಲಿ ಮೈಸೂರಿನಲ್ಲಿ ವೆಸ್ಲಿಯನ್ ಮಿಶನಿನವರು ತೆರೆದ ಆಸ್ಪತ್ರೆಯು ನಮ್ಮ ನೆನಪಿಗೆ ಬರುತ್ತದೆ.

ಬರೆದಂತೆಯೇ ಲೂಥರನು ನಡೆದನು. ಊರಿನಲ್ಲಿ ಉಳಿದ ಕೆಲವೇ ವಿದ್ಯಾರ್ಥಿಗಳಿಗೆ ಆಗಸ್ಟಿನಿಂದ ನವಂಬರ್ ವರೆಗೆ ಯೋಹಾನನ ಮೊದಲನೆಯ ಪತ್ರಿಕೆಯನ್ನು ವಿವರಿಸಿದನು. ಸಹೋದರರಿಗೋಸ್ಕರ ಪ್ರಾಣಕೊಡುವ ಪ್ರೀತಿಯನ್ನು ಕಲಿಸುವ ಪತ್ರಿಕೆಯದು. ಪ್ಲೇಗು ತಗ್ಗಿದ ಮೇಲೆ ೧೫೨೮ರಲ್ಲಿ ವಿದ್ಯಾಪೀಠದವರು ಹಿಂದಿರುಗಿದರು. ಅವರಲ್ಲಿ ಲೂಥರನ ಆಪ್ತ ಸ್ನೇಹಿತನಾದ ಮೆಲಾಂಕ್ಟನನೂ ಇದ್ದನು. ಲೂಥರನು ಸಾಯುವ ತನಕ ಇಬ್ಬರೂ ಜೊತೆಯಾಗಿಯೇ ಕೆಲಸಮಾಡಿದರು. ಆದರೆ ಆ ಆಗಸ್ಟ್ ೩ರಲ್ಲಿ ಎಂಟು ತಿಂಗಳೂ ತುಂಬದ ಎಲಿಸಬೇತಳು ತೀರಿಹೋದಳು. ತಂದೆಯ ಹೃದಯವು ಇಷ್ಟು ಮೃದುವಾಗಿರಬಹುದೆಂದು ಲೂಥರನು ಆ ತನಕ ಎಣಿಸಿರಲಿಲ್ಲ. ನಂಬಿಕೆಯಿಂದ ನಡೆದವನ ಮನೆಗೆ ಮರಣವು ಬಾರದೆಂದು ನಾವು ಯಾರಿಗೂ ಹೇಳಬಾರದು. ೪೬ನೆಯ ಕೀರ್ತನೆಯನ್ನು ಆಧಾರಮಾಡಿಕೊಂಡು ಅವನು ರಚಿಸಿದ ಪ್ರಸಿದ್ಧವಾದ ಹಾಡು ಈ ಕಷ್ಟಗಳ ಆಸುಪಾಸಿನ ವರುಷಗಳಲ್ಲಿಯೇ ಹುಟ್ಟಿತು.

೧೫೩೯ರಲ್ಲಿ ಪ್ಲೇಗು ವಿಟ್ಟೆನ್‌ಬೆರ್ಗಿಗೆ ಮತ್ತೆ ಬಂದಾಗ, ಅದರಿಂದ ಸತ್ತ ಪಂಡಿತ ದಂಪತಿಗಳ ಅನಾಥ ಮಕ್ಕಳನ್ನು ಲೂಥರನು ತನ್ನ ಮನೆಗೆ ಕರೆತಂದನು. ಜನರು ಅದಕ್ಕಾಗಿ ಅವನನ್ನು ದೂರಿದರು. ಅವನು ಮಕ್ಕಳನ್ನು ಹೊರಗೆ ಹಾಕಲಿಲ್ಲ. ೧೫೪೬ರ ಫೆಬ್ರವರಿ ೧೮ರಲ್ಲಿ, ತಾನು ಹುಟ್ಟಿದ ಐಸ್ಲೇಬೆನಿನಲ್ಲಿಯೇ, ಅರುವತ್ತೆರಡು ವರುಷದವನಾಗಿ ತೀರಿಹೋದನು.

ಪ್ರಿಯರೇ, ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದೇನು? ಲೂಥರನ ಕಾಲದಲ್ಲಿ ದೇವಾಲಯವು ತೆರೆದಿತ್ತು; ೨೦೨೦ರಲ್ಲಿ ನಮ್ಮದು ಮುಚ್ಚಿತ್ತು. ಜಾಡ್ಯದ ಬಗೆ ಬೇರೆ, ತಿಳುವಳಿಕೆಯೂ ಬೇರೆ. ಹತ್ತಿರ ಕೂತು ಹಾಡುವವರ ಉಸಿರಿನಿಂದಲೇ ಹರಡುವ ಜಾಡ್ಯದಲ್ಲಿ ಬಾಗಿಲು ಮುಚ್ಚಿದ್ದು ನೆರೆಯವನ ಪ್ರಾಣಕ್ಕೋಸ್ಕರ. ಪ್ಲೇಗಿನ ಕಾಲದಲ್ಲಿ ಲೂಥರನು ತನ್ನ ಮನೆಯ ಬಾಗಿಲನ್ನು ತೆರೆದದ್ದೂ ನೆರೆಯವನ ಪ್ರಾಣಕ್ಕೋಸ್ಕರವೇ. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂದು ನೋಡಿ ಒಬ್ಬನ ನಂಬಿಕೆಯನ್ನು ಅಳೆಯಬಾರದು. ಯಾರಿಗೋಸ್ಕರ ಮುಚ್ಚಿದನು, ಯಾರಿಗೋಸ್ಕರ ತೆರೆದನು ಎಂದು ಕೇಳಬೇಕು.

ವೃದ್ಧರಾದ ತಂದೆತಾಯಿಗಳಿಗೆ ರೋಗ ತಗಲೀತೆಂದು ಮನೆಯಲ್ಲಿ ಉಳಿದು, ಹಾಸಿದ ಚಾಪೆಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಸತ್ಯವೇದವನ್ನು ಓದಿದವನು ದೇವಾರಾಧನೆಯನ್ನು ಬಿಟ್ಟವನಲ್ಲ. ಯಾರೂ ದಿಕ್ಕಿಲ್ಲದ ರೋಗಿಗೆ ಮೂಗು ಬಾಯಿ ಮುಚ್ಚಿಕೊಂಡು ಹೋಗಿ ಗಂಜಿ ಕೊಟ್ಟು ಬಂದ ಉಪದೇಶಿಯು ದೇವರನ್ನು ಪರೀಕ್ಷಿಸಿದವನಲ್ಲ. ಇಬ್ಬರೂ ಒಬ್ಬನೇ ಕರ್ತನ ಸೇವಕರು. ಹೆಣವನ್ನು ಮುಟ್ಟಲು ಭಯಪಟ್ಟ ನೆಂಟನಿಗೂ, ಲೂಥರನ ಸಂಕಟವನ್ನು ನೆನಸಿ, ಕ್ಷಮೆ ತೋರಿಸೋಣ. ಭಯವು ದೇವರ ಭಕ್ತರಿಗೂ ಬರುತ್ತದೆ.

ಮುಂದೆ ಇನ್ನೊಂದು ಜಾಡ್ಯವು ಬಂದೀತು. ಅದಕ್ಕೆ ಮುಂಚೆಯೇ ಪ್ರತಿಯೊಂದು ಸಭೆಯ ಹಿರಿಯರು ಕೂಡಿ, ಒಂಟಿಯಾಗಿರುವ ವಿಧವೆಯರೂ ಮುದುಕರೂ ಯಾರಾರೆಂದು ಬರೆದಿಟ್ಟು, ಅವರನ್ನು ವಿಚಾರಿಸುವವರು ಯಾರೆಂದು ಗೊತ್ತುಮಾಡಲಿ. ಪ್ರತಿಯೊಂದು ಮನೆಯವರು ಸಂಜೆಯ ಪ್ರಾರ್ಥನೆಯನ್ನು ಬೋಧಕನಿಲ್ಲದೆ ನಡಿಸಲು ಕಲಿಯಲಿ. ಆರು ವರುಷವಾಗಲಿ ಅರುವತ್ತು ವರುಷವಾಗಲಿ, ಮುನಿಸಿಟ್ಟುಕೊಂಡವರು ಬರುವ ಕರ್ತನ ಭೋಜನಕ್ಕೆ ಮುಂಚೆ ಒಬ್ಬರ ಹೊಸಲನ್ನು ಒಬ್ಬರು ತುಳಿದು ಸಮಾಧಾನವಾಗಲಿ. ಕತ್ತಲೆಯಲ್ಲಿ ಲೂಥರನನ್ನು ಕೈಹಿಡಿದು ನಡಿಸಿದ ಕರ್ತನು ನಮ್ಮ ಸಭೆಗಳನ್ನೂ ನಡಿಸಲಿ. ಆಮೆನ್.