ಎಡಗಾಲಿಗೂ ಪಾಠ ಹೇಳಿದ ರಹೀಮ್ ಸಾಹೇಬರು

ಸೈಯದ್ ಅಬ್ದುಲ್ ರಹೀಮ್ ಹುಟ್ಟಿದ್ದು 1909ರಲ್ಲಿ, ಹೈದರಾಬಾದಿನಲ್ಲಿ. ಶಾಲೆಯಲ್ಲಿ ಮೇಷ್ಟರಾಗಿದ್ದರು. ಮುಂದೆ ಭಾರತ ಫುಟ್‌ಬಾಲ್ ತಂಡದ ಕೋಚ್ ಆದರೂ ಎಲ್ಲರಿಗೂ ಅವರು ರಹೀಮ್ ಸಾಹೇಬರೇ.

ಊರಿನ ಹುಡುಗರಿಗಾಗಿ ಅವರು ವಿಚಿತ್ರ ಟೂರ್ನಿಗಳನ್ನು ನಡೆಸುತ್ತಿದ್ದರು. ಒಂದರಲ್ಲಿ ಡ್ರಿಬಲ್ ಮಾಡುವಂತಿಲ್ಲ. ಇನ್ನೊಂದರಲ್ಲಿ ಪಳಗದ ಕಾಲಿನಿಂದಲೇ ಚೆಂಡು ಒದೆಯಬೇಕು, ಅಂದರೆ ನಮ್ಮಂಥ ಹೆಚ್ಚಿನವರು ಎಡಗಾಲಿನಿಂದ. ಕಾಮರ್ಸ್ ಹುಡುಗನಾದ ನನಗೆ ಇದು ಸುಮ್ಮನೆ ಬಿದ್ದಿದ್ದ ಬಂಡವಾಳವನ್ನು ದುಡಿಸಿದಂತೆ ಕಾಣುತ್ತದೆ. ಪಾಸ್ ಕೊಡು ಎಂದು ನೂರು ಸಲ ಕೂಗುವ ಬದಲು, ಪಾಸ್ ಕೊಡದೆ ವಿಧಿಯಿಲ್ಲದಂತೆ ಆಟದ ನಿಯಮವನ್ನೇ ಬದಲಿಸುವುದು ಅವರ ದಾರಿ. ನಿಯಮ, ಜಾಗ, ಆಟಗಾರರ ಸಂಖ್ಯೆಗೆ ಮಿತಿ ಹಾಕಿದರೆ ಆಟಗಾರನೇ ಉತ್ತರ ಹುಡುಕಿಕೊಂಡು ಕಲಿಯುತ್ತಾನೆ ಎಂದು ಇಂದಿನ ಕ್ರೀಡಾ ತರಬೇತಿಯ ಸಿದ್ಧಾಂತವೊಂದು ಹೇಳುತ್ತದೆ. ಆ ಸಿದ್ಧಾಂತ ಬಂದದ್ದು ಅವರು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ. ನಾವೂ ಒಂದು ಸಂಜೆ ಎಡಗಾಲಲ್ಲಿ ಆಡಿ ನೋಡಿದೆವು. ಮೊದಲ ಹತ್ತು ನಿಮಿಷ ಬರೀ ನಗು, ಆಮೇಲೆ ಒಬ್ಬೊಬ್ಬರೂ ತಲೆ ಎತ್ತಿ ಜೊತೆಗಾರ ಎಲ್ಲಿದ್ದಾನೆಂದು ನೋಡತೊಡಗಿದರು.

ಅವರು ತಯಾರು ಮಾಡಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಚಿನ್ನ. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು 10-1ರ ಸೋಲು. ನಮ್ಮವರಲ್ಲಿ ಹಲವರು ಬರಿಗಾಲಲ್ಲಿ ಆಡಿದ್ದರು. ಅಲ್ಲಿಂದ ನಾಲ್ಕೇ ವರ್ಷ, 1956ರಲ್ಲಿ ಮೆಲ್ಬರ್ನ್‌ನಲ್ಲಿ ಭಾರತ ನಾಲ್ಕನೇ ಸ್ಥಾನಕ್ಕೆ ಬಂತು.

1962ರಲ್ಲಿ ಜಕಾರ್ತಕ್ಕೆ ಹೋದಾಗ ಸಾಹೇಬರ ದೇಹದಲ್ಲಿ ಕ್ಯಾನ್ಸರ್ ಇತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು ಸೋಲು. ಮುಂದೆ ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ಇನ್ನೊಬ್ಬ ಕೋಚ್ ಆಗಿದ್ದರೆ ಅವರನ್ನು ಕೂರಿಸಿಬಿಡುತ್ತಿದ್ದರೇನೋ. ರಹೀಮ್ ಅವರನ್ನು ಸೆಮಿಫೈನಲ್‌ನಲ್ಲಿ ಫಾರ್ವರ್ಡ್ ಆಗಿ ಇಳಿಸಿದರು, ಜರ್ನೈಲ್ ಗೋಲು ಹೊಡೆದರು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಮತ್ತೆ ಅದೇ ಕೊರಿಯಾ, ಸುತ್ತಲೂ ಭಾರತದ ವಿರುದ್ಧ ಕೂಗುವ ಪ್ರೇಕ್ಷಕರು. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು. ಭಾರತ 2-1ರಿಂದ ಗೆದ್ದಿತು.

ಒಂಬತ್ತು ತಿಂಗಳ ನಂತರ, 1963ರ ಜೂನ್ 11ರಂದು ರಹೀಮ್ ಸಾಹೇಬರು ತೀರಿಕೊಂಡರು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಮತ್ತೆ ನಮಗೆ ಸಿಕ್ಕಿಲ್ಲ.