ಕಾಲೇಜು ಬಿಟ್ಟ ಹುಡುಗ ಹಕ್ಕಿಗಳ ಉಸ್ತಾದ್ ಆದ ಕಥೆ

ಪಿ.ಯು.ಸಿ. ಫಲಿತಾಂಶ ಬಂದ ವಾರ ನಮ್ಮಲ್ಲಿಗೆ ಬರುವ ತಂದೆಯವರದ್ದೆಲ್ಲ ಒಂದೇ ಪ್ರಶ್ನೆ: ಮಗನನ್ನು ಇನ್ನು ಯಾವುದಕ್ಕೆ ಸೇರಿಸುವುದು? ಇಂಜಿನಿಯರಿಂಗ್, ಕಾಮರ್ಸ್, ಆಗದಿದ್ದರೆ ಗಲ್ಫ್. ಅಲ್ಲಿಗೆ ನಮ್ಮ ಲೆಕ್ಕ ಮುಗಿಯಿತು. ಕಾಡು, ಹಕ್ಕಿ ಅಂತ ಯಾವನಾದರೂ ಹುಡುಗ ಹೇಳಿದರೆ ಅದರಲ್ಲಿ ಹೊಟ್ಟೆ ತುಂಬ್ತದಾ ಅಂತ ನಾವೇ ಕೇಳಿಬಿಡುತ್ತೇವೆ. ಹಾಗೆ ಕೇಳುವ ಮೊದಲು ಡಾ. ಸಲೀಂ ಅಲಿಯವರ ಬದುಕನ್ನೊಮ್ಮೆ ನೋಡುವುದು ಒಳ್ಳೆಯದು.

1896ರ ನವೆಂಬರ್ 12ರಂದು ಬೊಂಬಾಯಿಯ ಬೋಹ್ರಾ ಮನೆತನದಲ್ಲಿ ಹುಟ್ಟಿದವರು ಅವರು. ಒಂದು ವರ್ಷಕ್ಕೆ ತಂದೆ ಹೋದರು, ಮೂರಕ್ಕೆ ತಾಯಿಯೂ ಹೋದರು. ಯತೀಮ್ ಮಗುವನ್ನು ಸಾಕಿದ್ದು ಸೋದರಮಾವ ಅಮೀರುದ್ದೀನ್ ತಯ್ಯಬ್ಜಿ. ಆ ಮನೆಯಲ್ಲಿ ಬೇಟೆಯ ಹುಚ್ಚು ಇತ್ತು. ಹುಡುಗನಿಗೂ ಒಂದು ಏರ್‌ಗನ್ ಸಿಕ್ಕಿತ್ತು. ಒಂದು ದಿನ ಅವನು ಹೊಡೆದ ಗುಬ್ಬಚ್ಚಿಯ ಗಂಟಲಲ್ಲಿ ಹಳದಿ ಕಲೆ ಕಂಡಿತು, ಸಾರಿನ ಕಲೆಯ ಹಾಗೆ. ಇದು ನಾವು ತಿನ್ನುವ ಗುಬ್ಬಚ್ಚಿಯೇ ಹೌದಾ, ತಿನ್ನಬಹುದಾ ಎಂಬ ಸಂಶಯ ಬಂತು. ಸಂಶಯ ಬಂದದ್ದನ್ನು ಬಾಯಿಗೆ ಹಾಕದೆ ಮಾವನ ಹತ್ತಿರ ಒಯ್ದ. ಮಾವನಿಗೂ ಗೊತ್ತಾಗಲಿಲ್ಲ. ಅವರು ಹುಡುಗನನ್ನು ಗದರಿಸಿ ಕಳಿಸಲಿಲ್ಲ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಅವರಿಗೆ ಪತ್ರ ಕೊಟ್ಟು ಕಳಿಸಿದರು. ಆ ಬಿಳಿಯ ಸಾಹೇಬರು ಅದು ಹಳದಿ ಗಂಟಲಿನ ಗುಬ್ಬಚ್ಚಿ ಎಂದು ಗುರುತಿಸಿ, ಕಪಾಟುಗಳಲ್ಲಿದ್ದ ನೂರಾರು ಹಕ್ಕಿಗಳನ್ನು ತೋರಿಸಿ, ಓದಲಿಕ್ಕೆ ಪುಸ್ತಕವನ್ನೂ ಕೊಟ್ಟರು. ಹಕ್ಕಿಯ ಚರ್ಮ ಸುಲಿದು ಹಾಳಾಗದಂತೆ ಇಡುವ ಕೆಲಸವನ್ನೂ ಹುಡುಗ ಅಲ್ಲಿಯೇ ಕಲಿತ.

ಇಷ್ಟಾದ ಮೇಲೆ ದಾರಿ ಸಲೀಸಾಯಿತು ಅಂದುಕೊಳ್ಳಬೇಡಿ. ಸೇಂಟ್ ಝೇವಿಯರ್ಸ್ ಕಾಲೇಜಿನ ಮೊದಲ ವರ್ಷವೇ ಕಷ್ಟವಾಗಿ ಓದು ಬಿಟ್ಟರು. ಬರ್ಮಾದ ತವಾಯ್‌ಗೆ ಹೋಗಿ ಮನೆಯವರ ಗಣಿ, ಮರದ ವ್ಯಾಪಾರ ನೋಡಿಕೊಂಡರು. ಅಲ್ಲೂ ಕಣ್ಣು ಇದ್ದದ್ದು ಹಕ್ಕಿಯ ಮೇಲೆ. 1917ರಲ್ಲಿ ವಾಪಸ್ ಬಂದು ಲೆಕ್ಕಪತ್ರ ಕಲಿಯುತ್ತಲೇ ಪ್ರಾಣಿಶಾಸ್ತ್ರವನ್ನೂ ಓದಿದರು. 1918ರಲ್ಲಿ ತೆಹಮೀನಾ ಅವರೊಂದಿಗೆ ನಿಕಾಹ್ ಆಯಿತು. ಬರ್ಮಾದ ವ್ಯಾಪಾರ ಕೊನೆಗೂ ಕೈಹಿಡಿಯಲಿಲ್ಲ. ಸರಕಾರದ ಪ್ರಾಣಿ ಸರ್ವೇಕ್ಷಣಾ ಇಲಾಖೆಯಲ್ಲಿ ಹಕ್ಕಿ ತಜ್ಞನ ಹುದ್ದೆ ಕೇಳಿದರೆ ಡಿಗ್ರಿ ಇಲ್ಲ ಎಂಬ ಕಾರಣಕ್ಕೆ ಅದೂ ಇಲ್ಲ.

1926ರಲ್ಲಿ ಬೊಂಬಾಯಿಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ, ಬಂದವರಿಗೆ ವಿವರಿಸುವ ಗೈಡ್ ಕೆಲಸ ಸಿಕ್ಕಿತು. ತನ್ನ ಕಲಿಕೆ ಸಾಲದು ಎಂದು ಅನಿಸಿ 1928ರಲ್ಲಿ ರಜೆ ಹಾಕಿ ಬರ್ಲಿನ್‌ಗೆ ಹೋದರು. ಅಲ್ಲಿ ಪ್ರೊಫೆಸರ್ ಸ್ಟ್ರೆಸೆಮನ್ ಅವರ ಕೈಕೆಳಗೆ ಕಲಿತರು, ಹಕ್ಕಿಯ ಕಾಲಿಗೆ ಉಂಗುರ ತೊಡಿಸುವುದನ್ನೂ ನೋಡಿದರು. ಸ್ಟ್ರೆಸೆಮನ್ ಅವರನ್ನೇ ಸಲೀಂ ಅಲಿ ಕೊನೆಯವರೆಗೂ ತನ್ನ ಗುರು ಎಂದು ಗೌರವಿಸಿದರು. 1930ರಲ್ಲಿ ಊರಿಗೆ ಬಂದು ನೋಡಿದರೆ ಮ್ಯೂಸಿಯಂನಲ್ಲಿ ದುಡ್ಡಿಲ್ಲವೆಂದು ಆ ಹುದ್ದೆಯನ್ನೇ ತೆಗೆದಿದ್ದರು!

ಗಂಡ ಹೆಂಡತಿ ಕಡಲ ಕರೆಯ ಕಿಹಿಮ್ ಹಳ್ಳಿಗೆ ಹೋದರು. ಕೆಲಸವಿಲ್ಲದ ಆ ದಿನಗಳಲ್ಲಿ ಸಲೀಂ ಅಲಿ ಗೀಜಗನ ಗೂಡುಗಳ ಎದುರು ಕೂತುಬಿಟ್ಟರು. ಗಂಡು ಅರ್ಧ ಗೂಡು ನೇಯ್ದು ನಿಲ್ಲಿಸುತ್ತದೆ, ಹೆಣ್ಣು ಬಂದು ಪರೀಕ್ಷೆ ಮಾಡಿ ಒಪ್ಪಿದರೆ ಮಾತ್ರ ಗೂಡು ಪೂರ್ತಿಯಾಗುತ್ತದೆ, ಆಮೇಲೆ ಗಂಡು ಇನ್ನೊಂದು ಗೂಡಿಗೆ ಕೈ ಹಾಕುತ್ತದೆ ಎಂಬುದನ್ನು ಅವರು ಅಲ್ಲಿಯೇ ಕಂಡು ಬರೆದರು. ಅವರಿಗೆ ಹೆಸರು ತಂದದ್ದು ಇದೇ ಬರಹ.

ಮುಂದಿನದ್ದನ್ನು ನಮ್ಮ ಹುಡುಗರು ಗಮನಿಸಬೇಕು. ಸಂಬಳ ಬೇಡ, ಡೇರೆಯ ಮತ್ತು ಪ್ರಯಾಣದ ಖರ್ಚು ಕೊಟ್ಟರೆ ಸಾಕು, ಸಂಸ್ಥಾನಗಳ ಹಕ್ಕಿ ಗಣತಿ ಮಾಡುತ್ತೇನೆ ಎಂದು ಅವರು ಸೊಸೈಟಿಗೆ ತಾವಾಗಿಯೇ ಹೇಳಿದರು. ಹೀಗೆ ಹೈದರಾಬಾದ್, ತಿರುವಾಂಕೂರು, ಕೊಚ್ಚಿ ಸುತ್ತಿದರು. ಕಾಡಿನ ಡೇರೆಯಲ್ಲಿ ತೆಹಮೀನಾ ಜೊತೆಗಿದ್ದರು. 1939ರಲ್ಲಿ ಒಂದು ಸಣ್ಣ ಆಪರೇಷನ್ ನಂತರ ಅವರು ತೀರಿಕೊಂಡರು. ಆ ದುಃಖದ ದಿನಗಳಲ್ಲೇ ಸಲೀಂ ಅಲಿ ನಮ್ಮ ಮೈಸೂರು ಸಂಸ್ಥಾನದ ಗಣತಿಗೆ ಬಂದರು. ಕಾವೇರಿ ನಡುಗಡ್ಡೆಗಳಲ್ಲಿ ಗೂಡು ಕಟ್ಟುವ ಕೊಕ್ಕರೆಗಳನ್ನು ನೋಡಿ ಮಹಾರಾಜರಿಗೆ ಸಲಹೆ ಕೊಟ್ಟರು. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮ ಆದದ್ದು ಹಾಗೆ. ಶಾಲೆಯ ಟೂರಿಗೆ ಅಲ್ಲಿ ದೋಣಿ ಹತ್ತಿದ ನಮ್ಮ ಮಕ್ಕಳಲ್ಲಿ ಎಷ್ಟು ಜನರಿಗೆ ಇದು ಗೊತ್ತುಂಟು?

1941ರಲ್ಲಿ ಅವರ ಭಾರತದ ಹಕ್ಕಿಗಳ ಪುಸ್ತಕ ಬಂತು. ಆಮೇಲೆ ರಿಪ್ಲಿ ಅವರ ಜೊತೆ ಸೇರಿ ಬರೆದ ಹತ್ತು ಸಂಪುಟಗಳು. 1957ರಲ್ಲಿ ಶಿವಮೊಗ್ಗದ ಕ್ಯಾಸನೂರಿನಲ್ಲಿ ಮಂಗನ ಕಾಯಿಲೆ ಕಂಡಾಗ, ವಲಸೆ ಹಕ್ಕಿಗಳು ಸೈಬೀರಿಯಾದಿಂದ ಅದನ್ನು ತಂದವೋ ಎಂಬ ಸಂಶಯ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಅವರ ನೇತೃತ್ವದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ಶುರುವಾಯಿತು. ಎಷ್ಟೋ ಯುವಕರು ಆ ಕ್ಯಾಂಪುಗಳಲ್ಲಿ ಬಲೆ ಕಟ್ಟಿ, ಮುಂಜಾನೆ ಹಕ್ಕಿ ಬಿಡಿಸಿ, ತೂಕ ಬರೆದು ಕೆಲಸ ಕಲಿತರು. ಡಿಗ್ರಿ ಇಲ್ಲವೆಂದು ಬಾಗಿಲಲ್ಲಿ ನಿಂತಿದ್ದವರ ಹತ್ತಿರ ಈಗ ಎಂ.ಎಸ್ಸಿ., ಪಿಎಚ್.ಡಿ. ಮಾಡುವವರು ಕಲಿಯಲಿಕ್ಕೆ ಬಂದರು.

1976ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು, ಗೆಟ್ಟಿ ಪ್ರಶಸ್ತಿಯ 50,000 ಡಾಲರ್ ಕೂಡ ಬಂತು. ಆ ಹಣವನ್ನು ಅವರು ಸೊಸೈಟಿಗೇ ಕೊಟ್ಟರು, ಗುಬ್ಬಚ್ಚಿ ಹಿಡಿದುಕೊಂಡು ಹೋದ ಹುಡುಗನಿಗೆ ಕಪಾಟು ತೆರೆದು ತೋರಿಸಿದ ಅದೇ ಸೊಸೈಟಿಗೆ. 1987ರ ಜೂನ್ 20ರಂದು, 90ರ ಪ್ರಾಯದಲ್ಲಿ, ಬೊಂಬಾಯಿಯಲ್ಲಿಯೇ ಅವರು ಕಣ್ಣು ಮುಚ್ಚಿದರು.