ಅಮಲ್ದಾರಿಕೆ ತೊರೆದು ಕಾಲೇಜಿಗೆ ಮರಳಿದ ತೀ. ನಂ. ಶ್ರೀ.

ಕೊಬ್ಬರಿಗೆ ಹೆಸರಾದ ನಮ್ಮ ಸೀಮೆಯು ಕನ್ನಡಕ್ಕೆ ಇಬ್ಬರು ಶ್ರೀಕಂಠಯ್ಯನವರನ್ನು ಕೊಟ್ಟಿದೆ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಜನಿಸಿದ ಬಿ. ಎಂ. ಶ್ರೀ. ಅವರು ಒಬ್ಬರು, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರ ನವೆಂಬರ್ 26ರಂದು ಜನಿಸಿದ ತೀ. ನಂ. ಶ್ರೀ. ಅವರು ಇನ್ನೊಬ್ಬರು. ಮೊದಲನೆಯವರು ಗುರು, ಎರಡನೆಯವರು ಶಿಷ್ಯರು.

ತೀ. ನಂ. ಶ್ರೀ. ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ವ್ಯಾಸಂಗ ಮಾಡಿ 1926ರಲ್ಲಿ ಬಿ. ಎ. ಪದವೀಧರರಾದರು. ಮೈಸೂರು ಸಿವಿಲ್ ಸರ್ವೀಸ್ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಅಮಲ್ದಾರರೂ ಆದರು. ಅಂದಿನ ಹಳ್ಳಿಗರ ಕಣ್ಣಿಗೆ ಅಮಲ್ದಾರರೆಂದರೆ ತಾಲ್ಲೂಕಿನ ದೊರೆಯೇ ಸರಿ. ಅಂತಹ ಅಧಿಕಾರವನ್ನು ಅವರು ಬಹುಬೇಗ ತೊರೆದು ಕಾಲೇಜಿಗೆ ಹಿಂತಿರುಗಿ, ಇಂಗ್ಲಿಷ್ ಅಧ್ಯಾಪಕರಾದರು. ಮನೆಯವರಿಗೆ ಇದು ಸುಲಭದ ಮಾತಾಗಿರಲಾರದು.

ಇಂಗ್ಲಿಷಿನಲ್ಲಿ ಎಂ. ಎ. ಪಡೆದಿದ್ದವರು ಕನ್ನಡದಲ್ಲಿಯೂ ಎಂ. ಎ. ಪರೀಕ್ಷೆಗೆ ಕುಳಿತು ಮರಳಿ ವಿದ್ಯಾರ್ಥಿಯಾದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ. ಎ. ತರಗತಿ ಆರಂಭವಾದದ್ದೇ 1927ರಲ್ಲಿ. ಉಳಿದ ಪಾಠಗಳೆಲ್ಲ ಇಂಗ್ಲಿಷಿನಲ್ಲಿಯೇ ನಡೆಯುತ್ತಿದ್ದ ಆ ದಿನಗಳಲ್ಲಿ ಕನ್ನಡಕ್ಕೆ ಕಾಲೇಜಿನೊಳಗೆ ನಿಲ್ಲಲು ನೆಲೆಯೊದಗಿಸಿದ್ದು ಕರ್ನಾಟಕ ಸಂಘ. ತರಗತಿಯಲ್ಲಿ ಷೇಕ್ಸ್‌ಪಿಯರನನ್ನು ಓದಿದವರು ಸಂಜೆ ಅಲ್ಲಿ ಕನ್ನಡ ಕವಿತೆ ಓದುತ್ತಿದ್ದರು, ಪ್ರಬಂಧ ಮಂಡಿಸುತ್ತಿದ್ದರು. ಹೊಸ ಕವಿಗಳ ರಚನೆಗಳು ಸಂಘದ ಪ್ರಕಟಣೆಗಳಾಗಿ ಹೊರಬಂದುವು. ಪದವಿ ಪಡೆದು ಮತ್ತೆ ಓದಲು ಬಂದವರು ಇಂತಹ ಸಂಘಗಳನ್ನು ಕಿರಿಯರ ಆಟವೆಂದು ಬಗೆದು ದೂರ ನಿಲ್ಲುವುದನ್ನು ನಾವು ಈಗಲೂ ಕಾಣುತ್ತೇವೆ. ಆದರೆ ಕಿರಿಯರು ವರ್ಷ ಮುಗಿದೊಡನೆ ಹೊರಟುಹೋಗುವವರು. ಲೆಕ್ಕ ಇಡಲು, ಬರಹ ತಿದ್ದಲು, ಅಚ್ಚಿನ ಮನೆಗೆ ಅಲೆಯಲು ಹಿರಿಯ ವಿದ್ಯಾರ್ಥಿಗಳೂ ತರುಣ ಅಧ್ಯಾಪಕರೂ ಬೇಕು. ತೀ. ನಂ. ಶ್ರೀ. ಅವರ ತಲೆಮಾರು ಆ ಕೆಲಸಕ್ಕೆ ಹೆಗಲು ಕೊಟ್ಟಿತು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿದ ಕರ್ನಾಟಕ ಸಂಘದಿಂದ ಹೊರಟ ಪ್ರಬುದ್ಧ ಕರ್ನಾಟಕ ಪತ್ರಿಕೆಯು ಮುಂದೆ ವಿಶ್ವವಿದ್ಯಾನಿಲಯದ ಆಶ್ರಯಕ್ಕೆ ಬಂದಿತು. ಅದರ ಸಂಪಾದಕತ್ವವನ್ನು ತೀ. ನಂ. ಶ್ರೀ. ಅವರೂ ವಹಿಸಿದರು. ಅವರ ಕವನಸಂಕಲನ ಒಲುಮೆ 1932ರಲ್ಲಿಯೂ, ಅನೇಕ ತಲೆಮಾರುಗಳ ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದ ಕನ್ನಡ ಮಧ್ಯಮ ವ್ಯಾಕರಣ 1939ರಲ್ಲಿಯೂ ಪ್ರಕಟವಾದುವು. 1953ರಲ್ಲಿ ಬಂದ ಭಾರತೀಯ ಕಾವ್ಯಮೀಮಾಂಸೆ ಸಂಸ್ಕೃತ ಬಾರದವರಿಗೂ ರಸ, ಧ್ವನಿಗಳ ಬಾಗಿಲನ್ನು ತೆರೆಯಿತು. ಇಷ್ಟೊಂದು ತೊಡಕಿನ ವಿಷಯವನ್ನು ಇಷ್ಟು ತಿಳಿಯಾಗಿ ಬರೆದ ಮತ್ತೊಂದು ಗ್ರಂಥ ಕನ್ನಡದಲ್ಲಿ ಅಪರೂಪ.

ಕನ್ನಡ ಪ್ರಾಧ್ಯಾಪಕರಾಗಿ ಕೀರ್ತಿ ಪಡೆದ ಮೇಲೆಯೂ ವಿದ್ಯಾರ್ಥಿತನ ಅವರನ್ನು ಬಿಡಲಿಲ್ಲ. ಐವತ್ತರ ಹೊಸ್ತಿಲಿನಲ್ಲಿ ಅಮೆರಿಕಕ್ಕೆ ತೆರಳಿ ಆಧುನಿಕ ಭಾಷಾವಿಜ್ಞಾನವನ್ನು ಅಭ್ಯಸಿಸಿ ಬಂದರು. 1966ರ ಸೆಪ್ಟೆಂಬರ್ 7ರಂದು ಅವರು ಕಾಲವಶರಾದಾಗ ಅರವತ್ತು ಇನ್ನೂ ತುಂಬಿರಲಿಲ್ಲ.